ಸವ್ವಾ

ಒಂದು ಬರದು ಮಗ್ಗಲಕ ಒಂದು ನೆಟ್ಟನ್ನ ಗೆರಿ ಎಳದ್ರ
ಅದು ಸವ್ವಾ.
ಎರಡು ಗೆರಿ ದೀಡ, ಮೂರು ಗೆರಿ ಪಾವಣೆ ಎರಡು.
ಗದಗಿನ ಹತ್ತಿ ದಲಾಲರ ಪಟ್ಟಿ ಅಚ್ಚು ಹಾಕೂ ಪ್ರೆಸ್ಸಿನಾಗ
ಮೂವತ್ತೊಂದು ವರ್ಷ ಮೊಳಿ ಜೋಡಿಸಿದ ಕೈ ಇದು.
ಗೆರಿ ಅಂದ್ರ ಕಾಲು, ಕಾಲು ಅಂದ್ರ ಗೆರಿ,
ಬ್ಯಾರೆ ಏನಾದ್ರೂ ಆದೀತು ಅಂತ ಕನಸಿನಾಗೂ ಬಂದಿಲ್ಲ.

ಪ್ರೆಸ್ಸು ಮುಚ್ಚಿದ ಮ್ಯಾಲೆ
ಬಾಂಡೆ ಅಂಗಡಿ ಈರಸಂಗಪ್ಪಗ ಚೀಟಿ ಬರೀತೀನಿ.
ಐತವಾರ, ಬೆಟಗೇರಿ ಹೆಲ್ತ್‌ಕ್ಯಾಂಪಿನ ಹಿಂದಿನ ಬಯಲಾಗ
ಟಗರು ಹಾಯೂ ಹೊತ್ತಿಗೆ
ಪಾಟಿ ಮ್ಯಾಲ ಭಾವ, ಬೆರಳಿಗೆ ಬಳಪದ ಬೂದಿ.

ಆವತ್ತು ಕೊಣ್ಣೂರಿನ ಕೆಂಚ, ಹದಿನಾಲ್ಕು ಕಣ ಗೆದ್ದ ಟಗರು.
ಅದಕ್ಕ ಯಾರು ಹೆಚ್ಚು ಕೊಡ್ತಾರ? ಒಂದಕ್ಕ ಸವ್ವಾ.
ಬರದೆ: 1|
ಗ್ರಿಲ್ ಅಂಗಡಿ ಮುದುಕಪ್ಪ
(ಹೆಸರಷ್ಟ ಮುದುಕಪ್ಪ, ವಯಸ್ಸು ಇಪ್ಪತ್ತೆರಡು)
ಪಾಟಿ ನೋಡಿದ, ನನ್ನ ನೋಡಿದ, ಮತ್ತ ಪಾಟಿ ನೋಡಿದ,
ನಾಕನೂರು ಇಟ್ಟ.
ಚೀಟಿ ಮ್ಯಾಲೂ ನಾನ ಬರದೆ. ಅದ ಒಂದು, ಅದ ಗೆರಿ.

ಒಂಬತ್ತನೇ ಡಿಚ್ಚಿಗೆ ಕೆಂಚ ಗೆದ್ದ.
ಐದನೂರು ತಗೊ ಅಂದ ಈರಸಂಗಪ್ಪ.
ನಾಕ ಸಾವಿರದಾ ನಾಕನೂರು ಅಂದ ಮುದುಕಪ್ಪ,
ಚೀಟಿ ಚಾಚಿ: ಒಂದಕ್ಕ ಹನ್ನೊಂದು.

"ಹದಿನಾಲ್ಕು ಕಣ ಗೆದ್ದದ್ದಕ್ಕ ಹನ್ನೊಂದು ಕೊಡಾಕ
ನಾನೇನು ಬಾಂಡೆ ಜೋಡಿ ಬುದ್ಧೀನೂ ಮಾರೀನೇನಲೇ?"
"ಪಾಟಿ ನಿಮ್ದು, ಬಳಪ ನಿಮ್ದು, ಬರದ ಕೈ ನಿಮ್ದು.
ನಂದು ಬರೇ ಕಣ್ಣು."

ರಿಟಾಯರ್ ಬೇಲೀಫ್ ಅಂದಾನಯ್ಯ
ಚಾ ಬಸಿಗೆ ಸುರುವಿಕೊಂತ ಅಂದ:
"ಕೋರ್ಟಿನ ಬಾಗಲಾ ಇದಕ್ಕ ತೆರೆಯೂದಿಲ್ಲಪ.
ಕಾಯ್ದೆದಾಗ ಪಣ ಹುಟ್ಟೇ ಇಲ್ಲ, ಸಾಯೂದು ಎಲ್ಲಿಂದ?
ಉಳದದ್ದು ನಿಮ್ಮ ನಿಮ್ಮ ನಾಲಿಗಿ."

ಹಿಂದ ನಿಂತ ತುಕಾರಾಮಸಾ ಕೆಮ್ಮಿದ.
"ಯುಗಾದಿಗೆ ನಾ ಬಿಳಿಯ ಅಂದಿದ್ದೆ.
ಮಾಸ್ತರ ಕರಿಯ ಅಂತ ಬರದ್ರು. ಬಿಳಿಯ ಗೆದ್ದ.
ಚೀಟಿಯಾಗ ಇದ್ದದ್ದ ಖರೆ ಅಂದ್ರಿ ನೀವು."
ಜಗಳಕ್ಕ ಬಂದವನಂಗ ಅಲ್ಲ,
ಸುಮ್ಮನ ನೆನಪಾತು ಅನ್ನೂವಂಗ ಹೇಳಿದ.

ಎಲ್ಲಾರೂ ನನ್ನ ಕಡೆ ತಿರಿಗಿದ್ರು.

ಪುಸ್ತಕದಾಗ ತಪ್ಪಾದ್ರ ಕಡೀಕ ತಪ್ಪೊಪ್ಪೋಲೆ ಹಚ್ಚತಿದ್ವಿ:
ಪುಟ ಇಷ್ಟು, ಸಾಲು ಇಷ್ಟು,
ಹಿಂಗ ಇದ್ದದ್ದನ್ನ ಹಿಂಗ ಓದಿಕೊಳ್ಳಬೇಕು.
ಓದಿ ಮುಗಿಸಿದವರು ಅದನ್ನ ನೋಡ್ತಿದ್ರೋ ಇಲ್ಲೋ.
ಇಲ್ಲೆ ಎಲ್ಲಿ ಹಚ್ಚಲಿ ಆ ಹಾಳಿ? ಟಗರಿನ ಕೋಡಿಗೆ?

"ಸವ್ವಾ ಬರದೀನಿ," ಅಂದೆ.
ಈರಸಂಗಪ್ಪನ ಮಾರಿ ತಿಳಿ ಆತು.
"ಆದ್ರ ಮಾಲಕರ, ಅದನ್ನ ಸವ್ವಾ ಅಂತ ಓದೂ ಮಂದಿ
ಈ ಬಯಲಾಗ ನಾವಿಬ್ಬರ ಉಳದೀವಿ."

ಬಾಳ ಹೊತ್ತು ಟಗರಿನ ಉಸರ ಅಷ್ಟ ಕೇಳ್ತಿತ್ತು.
ಆಮ್ಯಾಲೆ ಈರಸಂಗಪ್ಪ ಹುಡುಗನ ಹತ್ರ ಹೋಗಿ,
ದನಿ ಇಳಿಸಿ:
"ಖರೇ ಹೇಳು. ಹನ್ನೊಂದು ಅಂತ ಓದಿದ್ಯೋ,
ತಪ್ಪು ಅಂತ ಓದಿದ್ಯೋ?"
ಮುದುಕಪ್ಪ ಮುಂಗೈ ಮ್ಯಾಲಿನ ವೆಲ್ಡಿಂಗ್ ಕಲಿ ತಿಕ್ಕೊಂಡ.
ತಿಕ್ಕೊಂತ ನಿಂತ.

ಎಣಿಸಿದ ಈರಸಂಗಪ್ಪ.
ಮೂರು ಸಾವಿರದಾ ಎಂಟನೂರಕ್ಕ ಚೀಲ ಬರಿದಾತು.
ಉಳದದ್ದಕ್ಕ ಅಂಗಡಿ ತೆಗೆಸಿ
ಒಂದು ಸ್ಟೀಲಿನ ಕೊಡ ಹೊರಿಸಿ ಕಳಿಸಿದ.
ತುಕಾರಾಮಸಾಗ ಏನೂ ಕೊಡಲಿಲ್ಲ.
ಅವ ಕೇಳಲೂ ಇಲ್ಲ.

ಮುಂದಿನ ಐತವಾರ ಪಾಟಿಗೆ ಹೊಸಾ ಕಟ್ಟಳೆ:
ಗೆರಿ ಬ್ಯಾಡ, ಚುಕ್ಕಿ.
1.25 ಅಂತ ಬರದು ಬೂದಿ ಊದಿದೆ.
ಎಳ್ಳಿನಷ್ಟ ಚುಕ್ಕಿ, ನೊಣ ಕುಂತಂಗ.
ಮುದುಕಪ್ಪ ಬಂದು ಬಗ್ಗಿ ನೋಡಿದ.
"ಕಾಕಾ, ಇದು ನೂರಾ ಇಪ್ಪತ್ತೈದ ಹೌದಲ್ಲ?"
ನಕ್ಕನೋ ಇಲ್ಲೋ,
ಪೊರಿ ಬಂದ ಕಣ್ಣಿಗೆ ತಿಳೀಲಿಲ್ಲ.